ಇಬ್ಬರಿಗಾಗುವಷ್ಟು ಹಾಲು

ಫೆಬ್ರವರಿ 9

ಅಕ್ಕಾ,

ನಾವು ಬಂದು ಮುಟ್ಟಿದೆವು. ಬಸ್ಸಿನಲ್ಲಿ ನಾನು ಅಳಲಿಲ್ಲ. ಅತ್ತರೆ ಇವರು ಮುಂದಿನ ಸ್ಟಾಪಿನಲ್ಲೇ ಇಳಿಸಿ ವಾಪಸು ಕರೆದುಕೊಂಡು ಬಂದುಬಿಡುತ್ತಾರೆ ಅಂತ ಭಯ. ಇವರಿಗೂ ಅದೇ ಭಯವೋ ಏನೋ, ನನ್ನ ಮುಖ ನೋಡಲಿಲ್ಲ. ಇಬ್ಬರೂ ಕಿಟಕಿ ನೋಡಿಕೊಂಡು ಬಂದೆವು. ಮಗಳು ಚುಕ್ಕಿಯ ಟೋಪಿ ನನ್ನ ಮಡಿಲಲ್ಲೇ ಉಳಿದುಹೋಗಿತ್ತು. ಈ ಪತ್ರದ ಜೊತೆ ಕಳಿಸಿದ್ದೇನೆ.

ನೀನು ನಮ್ಮ ಕೋಣೆ ನೋಡಿಲ್ಲ, ಅದಕ್ಕೇ ಬರೆಯುತ್ತೇನೆ. ಇಲ್ಲದಿದ್ದರೆ ಎಂಥ ಕಲ್ಲುಮನಸ್ಸಿನವಳು ಇವಳು ಅಂತ ಯಾರಿಗಾದರೂ ಅನ್ನಿಸೀತು. ಬೇಕರಿಯ ಭಟ್ಟಿಯ ನೇರ ಮೇಲೆ ಈ ಕೋಣೆ. ಬರಿಗಾಲಲ್ಲಿ ನಿಂತರೆ ಅಂಗಾಲು ಚುರುಗುಟ್ಟುತ್ತದೆ. ಒಂದು ಗೋಡೆಯ ತುಂಬ ಮೈದಾ ಮೂಟೆ. ಕೆಮ್ಮಿದರೆ ಬಿಳಿ ದೂಳು ಏಳುತ್ತದೆ. ಬೇಕರಿ ಸಾಹುಕಾರರು ಮೊದಲೇ ಹೇಳಿದ್ದರು: "ಗಂಡ ಹೆಂಡ್ತಿ ಇರಿ, ಬಾಡಿಗೆ ಕೊಡೋದು ಬೇಡ. ಕೂಸು ಮಾತ್ರ ಇಲ್ಲಿ ಬೇಡಮ್ಮ. ಈ ಕಾವಿಗೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ." ಅವರ ಮಾತೂ ಸುಳ್ಳಲ್ಲ.

ಬ್ಯಾಂಕಿನವರು ಇಬ್ಬರ ಸಂಬಳ ಸೇರಿಸಿ ನೋಡಿದರೆ ಮಾತ್ರ ಮನೆ ಸಾಲ ಕೊಡುತ್ತಾರಂತೆ. ನಡುವೆ ಒಂದು ತಿಂಗಳೂ ಸಂಬಳ ತಪ್ಪಿರಬಾರದು. ಅಲ್ಲಿನ ಅಧಿಕಾರಿ ನನ್ನನ್ನೇ ನೋಡಿ ಕೇಳಿದರು: "ಮಗು ಆಗಿದೆಯಲ್ಲ, ಕೆಲಸ ಬಿಡ್ತೀರೇನು?" ನಾನು ಇಲ್ಲ ಅಂದೆ. "ಮಗು ಎಲ್ಲಿದೆ?" ಅಕ್ಕನ ಹತ್ತಿರ ಅಂದೆ. "ಒಳ್ಳೇದಾಯ್ತು," ಅಂದು ಏನೋ ಬರೆದುಕೊಂಡರು. ಒಳ್ಳೇದಾಯ್ತಂತೆ.

ಡಬ್ಬಿ ಹಾಲಿನ ಪುಡಿ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿರುತ್ತೇನೆ. ನಾವು ಮಾತಾಡಿಕೊಂಡದ್ದು ಮರೆಯಬೇಡ. ನಿನ್ನ ಹಾಲು ಗುಂಡಣ್ಣನಿಗೆ. ಡಬ್ಬಿ ಹಾಲು ಚುಕ್ಕಿಗೆ. ಹತ್ತು ವರ್ಷ ಬೇಡಿ ಪಡೆದ ಮಗ ಅವನು. ನನ್ನ ಮಗಳಿಂದ ಅವನ ಬಾಯಿಗೆ ಕಡಿಮೆಯಾಗಬಾರದು.

ನನ್ನ ಎದೆ ಕಟ್ಟಿಕೊಂಡು ಕಲ್ಲಾಗಿದೆ. ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ಇಳಿದಿದ್ದೇನೆ. ಅಂಗಡಿಗೆ ಬಂದವರ ಮಗು ಅತ್ತರೆ ಸಾಕು, ರವಿಕೆ ಒದ್ದೆ.

ನಿನ್ನ ಅತ್ತೆಯವರಿಗೂ ಭಾವನಿಗೂ ನನ್ನ ನಮಸ್ಕಾರ.

ನಿನ್ನ ಪುಟ್ಟಿ

*

ಫೆಬ್ರವರಿ 23

ಪುಟ್ಟೀ,

ನಿನ್ನ ಕಾಗದ, ಟೋಪಿ, ಡಬ್ಬಿ ಎಲ್ಲ ತಲುಪಿದವು. ನೀನು ಕಲ್ಲುಮನಸ್ಸಿನವಳು ಅಂತ ಇಲ್ಲಿ ಯಾರೂ ಅಂದುಕೊಂಡಿಲ್ಲ. ಅಂದುಕೊಂಡರೆ ಅತ್ತೆ ಒಬ್ಬರೇ. ಅವರು ಎಲ್ಲರ ಬಗ್ಗೆಯೂ ಅಂದುಕೊಳ್ಳುತ್ತಾರೆ.

ನಿನ್ನ ಮಗಳು ಬಲು ಜೋರು. ಬಾಟಲಿ ಕಂಡರೆ ಮುಖ ತಿರುಗಿಸುತ್ತಾಳೆ. ಬಾಯಿಗಿಟ್ಟರೆ ನಾಲಗೆಯಿಂದ ಹೊರಗೆ ತಳ್ಳುತ್ತಾಳೆ. ಅತ್ತು ಅತ್ತು ನೀಲಿಯಾಗುತ್ತಾಳೆ. ಅತ್ತೆ ಅಂದರು: "ಮಹಾರಾಣಿ ನೋಡು, ಪುಡಿ ಹಾಲು ಇಳಿಯಲ್ಲ ಇವಳಿಗೆ." ನಮ್ಮ ಗುಂಡಣ್ಣನಿಗೆ ಯಾವುದೂ ಆಗುತ್ತದೆ. ಬಾಟಲಿ ಕೊಟ್ಟರೂ ನಗು, ಬೆರಳು ಕೊಟ್ಟರೂ ನಗು. ನಾನು ಕಾಜ ಹೊಲಿಯಲು ಕೂತರೆ ಅಂಗಿಯ ತೋಳನ್ನೇ ಚೀಪುತ್ತಾ ಬಿದ್ದಿರುತ್ತಾನೆ. ಟೈಲರ್ ಅಂಗಡಿಯವನು ಕೇಳಿದ, "ಏನಕ್ಕಾ, ಗಿರಾಕಿ ಅಂಗಿ ಒಗೆದು ಕೊಡ್ತಿದ್ದೀರಾ?" ಅಂತ.

ಚುಕ್ಕಿಗೆ ಅಭ್ಯಾಸವಾಗುವವರೆಗೆ ಒಂದೆರಡು ದಿನ ನಾನೇ ಎದೆಗೆ ಹಾಕಿಕೊಂಡೆ. ಕೋಪ ಮಾಡಿಕೊಳ್ಳಬೇಡ. ನಂಬಿ ಬಿಟ್ಟುಹೋದ ಮಗು ಹಸಿದು ಅತ್ತರೆ ನಾನು ದೇವರ ಮುಂದೆ ಹೇಗೆ ಕೂರಲಿ? ನನಗೆ ಇಬ್ಬರಿಗಾಗುವಷ್ಟು ಹಾಲಿದೆ.

ನೀನು ಊಟ ಬಿಡಬೇಡ.

ಅಕ್ಕ

*

ಮಾರ್ಚ್ 8

ಅಕ್ಕಾ,

ಬೇಡ. ಎದೆಗೆ ಹಾಕಿಕೊಳ್ಳಬೇಡ. ಎರಡು ದಿನ ಹಸಿದರೆ ಅವಳೇ ಕುಡಿಯುತ್ತಾಳೆ. ನೀನು ಮೊದಲಿನಿಂದಲೂ ಹೀಗೇ. ನಮ್ಮ ಚಿಕ್ಕಂದಿನಲ್ಲಿ ಅಮ್ಮ ತಟ್ಟೆಗೆ ಹಾಕಿದ್ದನ್ನು ನನ್ನ ತಟ್ಟೆಗೆ ನೂಕಿ "ನಂಗೆ ಹೊಟ್ಟೆ ತುಂಬಿದೆ" ಅನ್ನುತ್ತಿದ್ದೆ. ಆಗ ನಾನು ನಂಬುತ್ತಿದ್ದೆ. ಈಗ ನಂಬುವುದಿಲ್ಲ.

ಭಾನುವಾರ ಮನೆ ನೋಡಲು ಹೋಗಿದ್ದೆವು. ಮೂರನೇ ಮಹಡಿ. ಮೆಟ್ಟಿಲಿಗೆ ಇನ್ನೂ ಕಂಬಿ ಹಾಕಿಲ್ಲ. ಗೋಡೆ ಹಿಡಿದುಕೊಂಡು ಹತ್ತಿದೆ. ಎರಡು ಕೋಣೆ, ಒಂದು ಅಡುಗೆಮನೆ. ಕಿಟಕಿ ಬಂದಿಲ್ಲ, ಕಿಟಕಿಯ ಜಾಗ ಬಂದಿದೆ. ಆ ತೂತಿನಲ್ಲಿ ಗಾಳಿ ಬೀಸುತ್ತಿತ್ತು. ನಾನು ಬರಿಗಾಲಲ್ಲಿ ನಿಂತೆ. ತಣ್ಣಗಿತ್ತು ಅಕ್ಕಾ. ಇವರು ಒಂದು ಮೂಲೆ ತೋರಿಸಿ, "ಚುಕ್ಕಿ ಇಲ್ಲಿ ಮಲಗಲಿ, ಇಲ್ಲಿ ಬಿಸಿಲು ಹೊಡೆಯಲ್ಲ," ಅಂದರು. ಮೇಸ್ತ್ರಿ ನಕ್ಕ. "ಮೊದ್ಲು ಬಾಗ್ಲು ಕೂರಿಸ್ತೀನಿ ಸಾರ್, ಆಮೇಲೆ ಮಲಗಿಸಿ," ಅಂದ.

ನಿನಗೆ ಒಂದು ವಿಷಯ ಹೇಳಬೇಕು. ಮೊನ್ನೆಯಿಂದ ರವಿಕೆ ಒದ್ದೆಯಾಗಿಲ್ಲ. ನಿಂತುಹೋಯಿತು. ಕೆಲಸಕ್ಕೆ ಸುಲಭವಾಯಿತು ಅಂತ ಅಂದುಕೊಳ್ಳಬೇಕು. ಇನ್ನು ಅವಳಿಗೆ ಬಾಟಲಿಯೇ ಗತಿ. ಆದ್ದರಿಂದ ನಾನು ಹೇಳಿದ ಹಾಗೆ ಮಾಡು. ಮಾಡುತ್ತೇನೆ ಅಂತ ಬರೆ.

ಪುಟ್ಟಿ

*

ಮಾರ್ಚ್ 27

ಪುಟ್ಟೀ,

ನೀನು ಹೇಳಿದ ಹಾಗೆಯೇ ಆಗಿದೆ. ಚುಕ್ಕಿ ಬಾಟಲಿಗೆ ಒಗ್ಗಿದಳು. ಡಬ್ಬಿ ಬೇಗ ಖಾಲಿಯಾಗುತ್ತಿದೆ ಅನ್ನುವುದೇ ಅದಕ್ಕೆ ಗುರುತು. ಮುಂದಿನ ಸಲ ಎರಡು ಕಳಿಸಿದರೆ ಒಳ್ಳೆಯದು.

ಇವರಿಬ್ಬರನ್ನೂ ನೀನು ನೋಡಬೇಕು. ಒಂದೇ ಚಾಪೆಯ ಮೇಲೆ ಅಕ್ಕಪಕ್ಕ ಮಲಗಿಸಿ ಕುಡಿಸುತ್ತೇನೆ. ಚುಕ್ಕಿ ಹಾಲು ಕುಡಿಯುತ್ತಾ ಎಡಗೈ ಚಾಚಿ ಗುಂಡಣ್ಣನ ಕಿವಿ ಹಿಡಿದುಕೊಳ್ಳುತ್ತಾಳೆ. ಮೇಷ್ಟ್ರು ಹುಡುಗರ ಕಿವಿ ಹಿಡಿಯುವುದಿಲ್ಲವೇ, ಹಾಗೆ. ಅವನು ಸುಮ್ಮನೆ ಹಿಡಿಸಿಕೊಳ್ಳುತ್ತಾನೆ. ಕಿವಿ ಸಿಗದಿದ್ದರೆ ಅವಳಿಗೆ ನಿದ್ದೆಯೇ ಇಲ್ಲ. ನಿನ್ನ ಭಾವ ಅದನ್ನು ನೋಡಿ, "ಈಗಲೇ ಹೀಗೆ, ಮುಂದೆ ಇವನ ಗತಿ ಏನೇ?" ಅಂತ ನಕ್ಕರು. ಗ್ಯಾರೇಜಿನಿಂದ ಬಂದವರು ಕೈ ತೊಳೆಯುವುದಕ್ಕೂ ಮೊದಲು ಇವರಿಬ್ಬರ ಆಟ ನೋಡುತ್ತಾ ನಿಲ್ಲುತ್ತಾರೆ.

ಅತ್ತೆಯದು ಮಾತ್ರ ಒಂದೇ ರಾಗ. "ಇದೇನು ಮನೆಯೋ ಡೈರಿಯೋ? ಹಾಲಿನ ಕಾರ್ಡು ಮಾಡಿಸಿ ಬಾಗಿಲಿಗೆ ಬೋರ್ಡು ಹಾಕು." ಅಂದು ಬೈದವರೇ ನಾನು ನೀರು ಸೇದಲು ಹೋದಾಗ ಚುಕ್ಕಿಯನ್ನು ಎತ್ತಿಕೊಂಡು ಕುಣಿಸುತ್ತಿದ್ದರು. ನಾನು ಬಂದದ್ದು ಕಂಡು ಕೆಳಗಿಟ್ಟರು.

ಹಾಲು ನಿಂತುಹೋದದ್ದಕ್ಕೆ ಕೊರಗಬೇಡ. ಎಲ್ಲವನ್ನೂ ನೋಡಿಕೊಳ್ಳುವವನು ಒಬ್ಬನಿದ್ದಾನೆ.

ಅಕ್ಕ

*

ಏಪ್ರಿಲ್ 16

ಅಕ್ಕಾ,

ಸಾಲ ಮಂಜೂರಾಗಿದೆ. ಇವರು ಸಾಹುಕಾರರಿಗೂ ಹಿಟ್ಟು ಕಲಸುವವರಿಗೂ ಟೀ ಕೊಡಿಸಿದರು. ಆದರೆ ಬ್ಯಾಂಕಿನವರು ಕಟ್ಟಡದವನಿಗೆ ಹಣ ಕೊಟ್ಟ ತಿಂಗಳಿಂದಲೇ ನಮ್ಮ ಕಂತು ಶುರು. ಮನೆ ಕೈಗೆ ಬರದೆ ಕಂತು ಯಾಕೆ ಅಂತ ಇವರು ಕೇಳಿದರೆ, "ಕಾಗದದಲ್ಲಿ ಇತ್ತಲ್ಲ, ಓದಲಿಲ್ವಾ?" ಅಂದರಂತೆ. ನಾವು ಓದಿದ್ದೆವು. ಅರ್ಥವಾಗಿರಲಿಲ್ಲ. ಒಂದು ಕಂತು ತಪ್ಪಿದರೂ ಕಟ್ಟಿದ್ದೆಲ್ಲ ಹೋಗುತ್ತದೆ ಅಂತ ಇವರಿಗೆ ಅನ್ನದ ಮುಂದೆ ಕೂತರೂ ಅದೇ ಯೋಚನೆ.

ಡಬ್ಬಿಯ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಆದ್ದರಿಂದ ಈ ಸಲ ಬೇರೆ ಕಳಿಸಿದ್ದೇನೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದೆ ನೋಡು. ಇದೂ ಹಾಲಿನ ಪುಡಿಯೇ. ನಾವು ಬನ್ನಿಗೆ ಹಾಕುವುದು. ಮೂಟೆಯಲ್ಲಿ ಬರುತ್ತದೆ, ಕೆಲಸದವರಿಗೆ ಸಾಹುಕಾರರು ಅರ್ಧ ಬೆಲೆಗೆ ಕೊಡುತ್ತಾರೆ. ಕಳಿಸುವ ಮೊದಲು ನಾನೇ ಬಿಸಿನೀರಿಗೆ ಕಲಸಿ ಕುಡಿದು ನೋಡಿದೆ. ಹಾಲಿನ ರುಚಿ, ಹಾಲಿನ ವಾಸನೆ. ಭಟ್ಟಿಯ ಅಣ್ಣನೂ ಅಂದ: "ಹಾಲು ಹಾಲೇ ಕಣಮ್ಮ, ಡಬ್ಬಿ ಮೇಲೆ ಮಗುವಿನ ಚಿತ್ರ ಹಾಕಿದ್ದಕ್ಕೆ ಅವರು ದುಡ್ಡು ತಗೋತಾರೆ."

ಮನೆ ಕೈಗೆ ಬರುವವರೆಗೆ ಅಷ್ಟೇ. ನನಗೂ ಮನಸ್ಸಿಗೆ ಹಿತವಿಲ್ಲ. ಆದರೆ ನನ್ನ ಮಗಳಿಗೆ ತಾನೆ ಕೊಡುತ್ತಿರುವುದು, ಇನ್ನೊಬ್ಬರ ಮಗುವಿಗೆ ಅಲ್ಲವಲ್ಲ ಅಂತ ಧೈರ್ಯ ತಂದುಕೊಂಡೆ.

ಪುಟ್ಟಿ

*

ಮೇ 5

ಪುಟ್ಟೀ,

ಪುಡಿ ಬಂತು. ಚೆನ್ನಾಗಿ ಕರಗುತ್ತದೆ, ಡಬ್ಬಿಯದಕ್ಕಿಂತ ಬೆಳ್ಳಗಿದೆ. ಅದರ ಬಗ್ಗೆ ನೀನು ಮನಸ್ಸು ಕೆಡಿಸಿಕೊಳ್ಳಬೇಡ. ನಾವೆಲ್ಲ ಏನು ಡಬ್ಬಿ ಹಾಲು ಕುಡಿದು ಬೆಳೆದವರೇ?

ಚುಕ್ಕಿ ಕೆನ್ನೆ ತುಂಬಿಕೊಂಡು ಗುಂಡಗಾಗಿದ್ದಾಳೆ. ಈಗ ಗುಂಡಣ್ಣನ ಹೆಸರನ್ನು ಅವಳಿಗೇ ಇಡಬೇಕು ಅಂತ ನಿನ್ನ ಭಾವ ತಮಾಷೆ ಮಾಡುತ್ತಾರೆ. ಅವನು ಸ್ವಲ್ಪ ಸೊರಗಿದ್ದಾನೆ. ಹಲ್ಲು ಬರುವ ಹೊತ್ತಿಗೆ ಹಾಗೆಯೇ, ಹೊಟ್ಟೆಯೂ ಕೆಡುತ್ತದೆ ಅಂತ ಅತ್ತೆ ಹೇಳುತ್ತಾರೆ. ಅವರು ಐದು ಮಕ್ಕಳನ್ನು ಸಾಕಿದವರು. ಅವನಿಗೆ ಹೊಲಿದ ಅಂಗಿಯ ಕುತ್ತಿಗೆ ದೊಡ್ಡದಾಯಿತು, ಗುಂಡಿ ಒಳಗೆ ಸರಿಸಿ ಹಾಕಿಕೊಟ್ಟೆ. ಆದರೆ ನಗು ಮಾತ್ರ ಹಾಗೆಯೇ ಇದೆ. ಕಿವಿ ಹಿಡಿಸಿಕೊಂಡು ನಗುತ್ತಾ ಮಲಗಿರುತ್ತಾನೆ.

ಬೇಡಿ ಪಡೆದವನು. ಕೊಟ್ಟವನು ನೋಡಿಕೊಳ್ಳದೆ ಇರುತ್ತಾನೆಯೇ? ದಿನಾ ಬೆಳಿಗ್ಗೆ ದೇವರಿಗೆ ಕೈ ಮುಗಿಯುವಾಗ ಮೊದಲು ನಿನ್ನ ಮಗಳ ಹೆಸರು ಹೇಳುತ್ತೇನೆ, ಆಮೇಲೆ ಇವನದು. ಬಿಟ್ಟುಹೋದದ್ದನ್ನು ಮೊದಲು ಕಾಯಬೇಕು.

ನೀನು ಮನೆಯ ಬಗ್ಗೆ ಬರೆ. ಕಿಟಕಿ ಬಂತೇ?

ಅಕ್ಕ

*

ಮೇ 24

ಅಕ್ಕಾ,

ಕಿಟಕಿ ಬಂತು, ಬಾಗಿಲೂ ಬಂತು. ಹಸಿರು ಬಣ್ಣ ಹೊಡೆದಿದ್ದಾರೆ. ಇವರಿಗೆ ಇಷ್ಟವಿಲ್ಲ, ಬೇರೆ ಬಣ್ಣಕ್ಕೆ ಬೇರೆ ದುಡ್ಡಂತೆ. "ಹಸಿರು ಚೆನ್ನಾಗಿಯೇ ಇದೆ ಬಿಡ್ರಿ," ಅಂದೆ.

ಗುಂಡಣ್ಣ ಸೊರಗಿದ್ದಾನೆ ಅಂತ ಬರೆದೆಯಲ್ಲ, ಅವತ್ತಿನಿಂದ ಮನಸ್ಸು ಕಚ್ಚುತ್ತಿದೆ. ನಿನ್ನ ಹಾಲು ಅವನಿಗೆ ಸಾಲುತ್ತಿಲ್ಲವೇ? ನೀನು ಏನಾದರೂ ತಿನ್ನುತ್ತಿದ್ದೀಯಾ? ಹಲ್ಲು ಅಂತ ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು. ದುಡ್ಡು ಬೇಕಾದರೆ ಹೇಳು, ಹೇಗಾದರೂ ಮಾಡುತ್ತೇನೆ.

ಪುಡಿ ಇನ್ನೊಂದು ಕವರು ಕಳಿಸಿದ್ದೇನೆ. ಚುಕ್ಕಿಗೆ ಅದು ಒಗ್ಗಿದೆ ಅಂತ ಓದಿ ಎಷ್ಟು ಹಗುರವಾಯಿತು ಗೊತ್ತೇ? ಸಾಹುಕಾರರಿಗೂ ಹೇಳಿದೆ, ನಿಮ್ಮ ಬನ್ನಿನ ಹಾಲು ಕುಡಿದು ನನ್ನ ಮಗಳು ಕೆನ್ನೆ ತುಂಬಿಕೊಂಡಿದ್ದಾಳೆ ಅಂತ. ಅವರು ಖುಷಿಯಾಗಿ ಒಂದು ರೊಟ್ಟಿ ಹೆಚ್ಚಿಗೆ ಕೊಟ್ಟರು.

ನನ್ನನ್ನು ನೋಡಿದರೆ ಗುರುತು ಹಿಡಿಯುತ್ತಾಳಾ ಅಕ್ಕಾ?

ಪುಟ್ಟಿ

*

ಜೂನ್ 21

ಅಕ್ಕಾ,

ನಿನ್ನ ಮನೆಯಿಂದ ಬಂದಾಗಿನಿಂದ ಬರೆಯಬೇಕು ಅಂತ ಕೂರುತ್ತೇನೆ, ಏಳುತ್ತೇನೆ. ನೀನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಯಾಕೆ ಅಂತ ಕೇಳುವ ಹಕ್ಕು ನನಗಿಲ್ಲ. ಆದರೆ ಅವತ್ತು ಬಾಗಿಲಲ್ಲಿ ನಾನು ಯಾಕೆ ಹಾಗೆ ಮಾಡಿದೆ ಅಂತ ನಿನಗೆ ಗೊತ್ತಾಗಲಿ.

ನಿಮ್ಮ ಬೀದಿಯ ಔಷಧಿ ಅಂಗಡಿಯಿಂದ ಬೇಕರಿಗೆ ಫೋನು ಬಂತು. ತೆಗೆದವರು ಸಾಹುಕಾರರು. ನಾನು ಭಟ್ಟಿಯ ಮುಂದೆ ಇದ್ದೆ. ಬಂದು ಹೇಳಿದ್ದು ಇಷ್ಟೇ: "ನಿಮ್ಮಕ್ಕನ ಮನೇಲಿ ಮಗು ಹೋಯ್ತಂತಮ್ಮ." ಯಾವ ಮಗು ಅಂತ ಅವರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ನನಗೆ ಕಂಡದ್ದು ಆ ಪ್ಲಾಸ್ಟಿಕ್ ಕವರು. ನಿನ್ನ ಹಾಲು ಕುಡಿಯುವ ಗುಂಡಣ್ಣನಿಗೆ ಏನಾಗುತ್ತದೆ? ಹೋದರೆ ನನ್ನವಳೇ ಅಂತ ತೀರ್ಮಾನ ಮಾಡಿಕೊಂಡೆ. ಬಸ್ಸಿನಲ್ಲಿ ಅವಳಿಗಾಗಿ ಅತ್ತು ಅತ್ತು ಮುಗಿಸಿದ್ದೆ. ಇವರು ಅವಳ ಟೋಪಿಯ ಬಣ್ಣ ಯಾವುದಿತ್ತು ಅಂತ ಕೇಳುತ್ತಲೇ ಇದ್ದರು.

ನಿಮ್ಮ ಬೀದಿಗೆ ತಿರುಗಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಸೊಂಟದ ಮೇಲೆ ಚುಕ್ಕಿ ಇದ್ದಳು. ಅಷ್ಟು ಕಂಡದ್ದೇ, ನಾನು ಕೂಗಿಬಿಟ್ಟೆ, "ದೇವರು ದೊಡ್ಡವನು!" ಅಂತ. ನಗುತ್ತಿದ್ದೆನಂತೆ. ಇವರು ಆಮೇಲೆ ಹೇಳಿದರು. ಮಗಳನ್ನು ಕಿತ್ತುಕೊಂಡು ಮುದ್ದಾಡುತ್ತಾ ಒಳಗೆ ಬಂದಾಗ ನೀನು ಚಾಪೆಯ ಮೇಲೆ ಕೂತಿದ್ದೆ. ನಿನ್ನ ಮುಂದೆ ಅವನು ಇದ್ದ, ಗುಂಡಿ ಸರಿಸಿ ಹೊಲಿದ ಆ ಅಂಗಿಯಲ್ಲಿ. ನೀನು ತಲೆ ಎತ್ತಿ ನನ್ನನ್ನು ನೋಡಿದೆ.

ಆ ಮಾತು ನನ್ನ ಬಾಯಿಂದ ಬಂತಲ್ಲ ಅಕ್ಕಾ, ಅದೂ ನಿನ್ನ ಮನೆಯ ಬಾಗಿಲಲ್ಲಿ. ಅದನ್ನು ಹೇಗೆ ವಾಪಸು ತೆಗೆದುಕೊಳ್ಳಲಿ? ಅಷ್ಟಾದ ಮೇಲೂ ಕೂಸಿಗೆ ಈ ಕೋಣೆಯಲ್ಲಿ ಜಾಗವಿಲ್ಲ ಅಂತ ಅವಳನ್ನು ಮತ್ತೆ ನಿನ್ನ ಹತ್ತಿರವೇ ಬಿಟ್ಟು ಬಂದೆ.

ಇನ್ನೊಂದು. ಅವನಿಗೆ ಏನಾಗಿತ್ತು ಅಂತ ಯಾರೂ ನನಗೆ ಹೇಳಲಿಲ್ಲ. ಭಾವನನ್ನು ಕೇಳಿದರೆ ಎದ್ದು ಹೊರಗೆ ಹೋದರು. ಅತ್ತೆ, "ನಿಮ್ಮಕ್ಕನ್ನೇ ಕೇಳಮ್ಮ, ಅವಳು ದೊಡ್ಡ ಮನಸ್ಸಿನವಳು," ಅಂದರು. ಏನಾಗಿತ್ತು ಅಕ್ಕಾ?

ಪುಟ್ಟಿ

*

ಜುಲೈ 12

ಪುಟ್ಟೀ,

ಹೇಳಬಾರದು ಅಂತಿದ್ದೆ. ನೀನು ಕೇಳಿದ್ದೀಯ. ಕೇಳಿದ ಮೇಲೆ ಸುಳ್ಳು ಬರೆಯಲು ಕೈ ಬರುವುದಿಲ್ಲ. ಬರೆದದ್ದು ಸಾಕಷ್ಟಾಗಿದೆ.

ಚುಕ್ಕಿ ಒಂದು ದಿನವೂ ಬಾಟಲಿ ಕುಡಿಯಲಿಲ್ಲ. ಒಗ್ಗಿದಳು ಅಂತ ನಿನ್ನ ಸಮಾಧಾನಕ್ಕೆ ಬರೆದೆ. ಅವಳು ಎದೆ ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ಗುಂಡಣ್ಣ ಕೊಟ್ಟದ್ದನ್ನು ಕುಡಿಯುತ್ತಿದ್ದ. ಹಾಗಾಗಿ ಅವಳು ಕುಡಿದು ಉಳಿದರೆ ಅವನಿಗೆ, ಉಳಿಯದಿದ್ದರೆ ಬಾಟಲಿ. ಮೊದಲು ಡಬ್ಬಿಯದು. ಏಪ್ರಿಲ್ ನಂತರ ನಿನ್ನ ಪುಡಿ. ಇಬ್ಬರಿಗಾಗುವಷ್ಟು ಹಾಲಿದೆ ಅಂತ ಬರೆದಿದ್ದೆನಲ್ಲ, ಇರಲಿಲ್ಲ.

ಭೇದಿ ಶುರುವಾಗಿ ನಿಲ್ಲಲಿಲ್ಲ. ಹಲ್ಲು ಅಂದುಕೊಂಡೇ ಇದ್ದೆವು. ಕಣ್ಣು ಒಳಗೆ ಹೋದ ಮೇಲೆ ನಿನ್ನ ಭಾವ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಅಲ್ಲಿನ ಸಿಸ್ಟರು ಏನು ಕುಡಿಸುತ್ತಿದ್ದೀರಿ ಅಂತ ಕೇಳಿದಳು. ಹಾಲಿನ ಪುಡಿ ಅಂದೆ. ತನ್ನಿ ನೋಡೋಣ ಅಂದಳು. ಅತ್ತೆ ಹೋಗಿ ಕವರು ತಂದರು. ಡಾಕ್ಟರಮ್ಮ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಇದು ಬ್ರೆಡ್ ಮಾಡೋ ಪುಡಿ ಕಣಮ್ಮ. ಇದರಲ್ಲಿ ಕೊಬ್ಬೆಲ್ಲ ತೆಗೆದಿರ್ತಾರೆ. ಇಷ್ಟು ಚಿಕ್ಕ ಮಗುವಿನ ಹೊಟ್ಟೆಗೆ ಇದು ಒಗ್ಗೋದೂ ಇಲ್ಲ, ಮೈಗೆ ಹತ್ತೋದೂ ಇಲ್ಲ," ಅಂದರು. ಆಮೇಲೆ ನನ್ನ ಕಡೆ ನೋಡಿದರು. ನನ್ನ ಸೀರೆಯ ಮುಂಭಾಗ ಹಾಲಿಗೆ ಒದ್ದೆಯಾಗಿತ್ತು. "ನಿಮಗೆ ಹಾಲಿದೆಯಲ್ಲ?" ಅಂತ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ.

ಅಲ್ಲೇ ಎದೆಗೆ ಹಾಕಿಕೊಂಡೆ. ಅವನಿಗೆ ಚೀಪಲು ಶಕ್ತಿ ಇರಲಿಲ್ಲ. ನಗಲು ನೋಡಿದ.

ನಿನ್ನ ತಪ್ಪಲ್ಲ ಅಂತ ಬರೆಯಲು ಕೂತೆ, ಆಗಲಿಲ್ಲ. ನನ್ನ ತಪ್ಪು ಅಂತ ಬರೆಯಲು ನೋಡಿದೆ, ಅದೂ ಆಗಲಿಲ್ಲ. ನೀನು ಬಾಗಿಲಲ್ಲಿ ಆಡಿದ ಮಾತಿಗೆ ನನಗೆ ಕೋಪವಿಲ್ಲ. ಹೆತ್ತವಳು ಆಡುವ ಮಾತು. ಆದರೆ ಈಗ ದೇವರ ಮುಂದೆ ಕೂತರೆ ಅದೇ ಮಾತು ಕಿವಿಯಲ್ಲಿ ಕೂರುತ್ತದೆ. ನನ್ನದಾಗಿದ್ದ ಮಾತು ಅದು. ಈಗ ನಾನು ಅದನ್ನು ಹೇಳಲಾರೆ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಹಾಲು ನಿಲ್ಲಲಿಲ್ಲ, ಕುಡಿಯುತ್ತಾಳೆ. ಕುಡಿಯುತ್ತಾ ಎಡಗೈ ಚಾಚಿ ಚಾಪೆಯ ಮೇಲೆ ಹುಡುಕುತ್ತಾಳೆ. ನಾನು ಆ ಕಡೆ ನೋಡುವುದಿಲ್ಲ.

ಅಕ್ಕ

*

ಆಗಸ್ಟ್ 20

ಅಕ್ಕಾ,

ನಿನ್ನ ಕಾಗದ ಓದಿ ಇಷ್ಟು ದಿನ ಸುಮ್ಮನಿದ್ದೆ. ಮೈದಾ ಮೂಟೆಯ ಸಂದಿಯಲ್ಲಿಟ್ಟಿದ್ದೆ, ಇವರ ಕಣ್ಣಿಗೆ ಬಿತ್ತು. ಓದಿ ಕೆಳಗೆ ಹೋದರು. ಹಾಲಿನ ಪುಡಿಯ ಮೂಟೆಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರಂತೆ. ಸಾಹುಕಾರರು ಕೇಳಿದ್ದಕ್ಕೆ, "ಏನಿಲ್ಲ, ಹಿಟ್ಟಿಗೆ ಎಷ್ಟು ಹಾಕಬೇಕು ಅಂತ ಮರೆತುಹೋಯ್ತು," ಅಂದರಂತೆ. ದಿನವೂ ಅದೇ ಪುಡಿಯನ್ನು ಅಳೆದು ಹಾಕುವ ಕೆಲಸ ಅವರದು. ಈಗಲೂ ಹಾಕುತ್ತಾರೆ. ನಾನು ಬನ್ನು ಜೋಡಿಸುತ್ತೇನೆ. ಜನ ಬಂದು ಕೊಂಡು ತಿನ್ನುತ್ತಾರೆ.

ಅವಳಿಗೆ ಅಂತ ನಾನೇ ಕಟ್ಟಿ ಕಳಿಸಿದ್ದೆನಲ್ಲ ಅಕ್ಕಾ. ನೀನು ನನ್ನ ಮಾತು ಕೇಳಿದ್ದರೆ ಹೋಗಬೇಕಾದವಳು ಅವಳು. ನೀನು ಕೇಳಲಿಲ್ಲ, ಅದಕ್ಕೆ ಅವಳು ಇದ್ದಾಳೆ. ಇದನ್ನು ಹೇಗೆ ತಿರುಗಿಸಿ ನೋಡಿದರೂ ನನಗೆ ಎಲ್ಲಿಯೂ ಕೂರಲು ಜಾಗವಿಲ್ಲ.

ಮನೆಯ ಕೀಲಿ ಕೊಟ್ಟಿದ್ದಾರೆ. ನನಗೆ ಬೇಡ ಅಂದೆ. ಬೇಡ ಅಂದರೆ ಬಿಡುವ ಹಾಗಿಲ್ಲ. ಮನೆ ಬಿಟ್ಟರೂ ಸಾಲ ಬಿಡುವುದಿಲ್ಲವಂತೆ. ಮುಂದಿನ ತಿಂಗಳು ಹೋಗಲೇಬೇಕು.

ನಾವಿಬ್ಬರೂ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಚುಕ್ಕಿಯನ್ನು ನೀನೇ ಇಟ್ಟುಕೋ. ನಿನ್ನ ಹಾಲು ಕುಡಿದವಳು, ನಿನ್ನನ್ನೇ ಅಮ್ಮ ಅಂದುಕೊಂಡವಳು. ಅವತ್ತು ನಾನು ಕಿತ್ತುಕೊಂಡಾಗಲೂ ನಿನ್ನ ಕಡೆಗೇ ಕೈ ಚಾಚಿ ಅತ್ತಳು. ನಾನು ಬಂದು ಹಕ್ಕು ಕೇಳುವುದಿಲ್ಲ. ಬರೆದುಕೊಡು ಅಂದರೆ ಬರೆದುಕೊಡುತ್ತೇನೆ. ಕೊಡಲು ನನ್ನ ಹತ್ತಿರ ಬೇರೆ ಏನೂ ಇಲ್ಲ.

ಪುಟ್ಟಿ

*

ಸೆಪ್ಟೆಂಬರ್ 3

ಪುಟ್ಟೀ,

ಬಂದು ಕರೆದುಕೊಂಡು ಹೋಗು. ಬೇರೆ ಯಾರನ್ನೂ ಕಳಿಸಬೇಡ, ನೀನೇ ಬಾ.

ನಿನ್ನ ಕಾಗದ ನಿನ್ನ ಭಾವನಿಗೆ ಓದಿ ಹೇಳಿದೆ. ಅವರು, "ಇಟ್ಕೊಳ್ಳೋಣ ಕಣೇ," ಅಂದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಚುಕ್ಕಿಯನ್ನೇ ನೋಡುತ್ತಿದ್ದರು. ಬೇಡ ಅಂದವಳು ನಾನೊಬ್ಬಳೇ.

ಕೊಟ್ಟು ತೀರಿಸುವುದಕ್ಕೆ ಇದು ಸಾಲವಲ್ಲ. ಅಷ್ಟೇ ಆಗಿದ್ದರೆ ತೆಗೆದುಕೊಳ್ಳುತ್ತಿದ್ದೆನೋ ಏನೋ, ನನಗೂ ಕೈ ಖಾಲಿಯಿದೆ. ವಿಷಯ ಬೇರೆ. ಅವಳನ್ನು ಎತ್ತಿಕೊಂಡಾಗಲೆಲ್ಲ ಭಾರ ಗೊತ್ತಾಗುತ್ತದೆ. ಒಳ್ಳೆಯ ಭಾರ, ಗಟ್ಟಿ ಮಗು. ಆ ಭಾರ ಯಾರ ಮೈಗೆ ಸೇರಬೇಕಾಗಿದ್ದದ್ದು ಅಂತ ನನ್ನ ಕೈಗೆ ಗೊತ್ತು. ನಾನು ಅವಳನ್ನು ಪ್ರೀತಿಸುತ್ತೇನೆ ಪುಟ್ಟಿ. ಆದರೆ ಒಂದು ದಿನ ಯಾವುದೋ ಚಿಕ್ಕ ತಪ್ಪಿಗೆ ಅವಳ ಮೇಲೆ ಕೈ ಎತ್ತಿದಾಗ, ಆ ಕೈ ಆ ತಪ್ಪಿಗೇ ಎತ್ತಿದ್ದೋ ಬೇರೆಯದಕ್ಕೋ ಅಂತ ನನಗೆ ತಿಳಿಯದೆ ಹೋದರೆ? ಅದಕ್ಕೆ ಬೇಡ.

ಎದೆ ಬಿಡಿಸಿದ್ದೇನೆ. ಅತ್ತಳು, ಬಿಟ್ಟಳು. ಮೆತ್ತಗೆ ಮಾಡಿದ ಅನ್ನ ತಿನ್ನುತ್ತಾಳೆ, ಉಪ್ಪು ಕಡಿಮೆ ಇರಲಿ. ಲೋಟದಲ್ಲಿ ಹಾಲು ಕುಡಿಯುತ್ತಾಳೆ, ಬಾಟಲಿ ತೋರಿಸಬೇಡ. ಕೆಮ್ಮಿದರೆ ಅಂಗೈಯಲ್ಲಿ ಎದೆ ಬಿಸಿ ಮಾಡು. ಮಲಗುವ ಮೊದಲು ಸ್ವಲ್ಪ ರಗಳೆ ಮಾಡುತ್ತಾಳೆ. ಯಾಕೆ ಅಂತ ನಿನಗೆ ಗೊತ್ತಿದೆ, ಬರೆದಿದ್ದೆ.

ನಾನು ಮತ್ತೆ ಕಾಜ ಹೊಲಿಯಲು ಶುರು ಮಾಡಿದ್ದೇನೆ. ಬೆಳಿಗ್ಗೆ ದೇವರ ಮುಂದೆಯೂ ಕೂರುತ್ತೇನೆ, ಕೂತ ಅಭ್ಯಾಸ. ಕೇಳುವುದು ಏನೂ ಇಲ್ಲ. ಅವನೂ ಏನೂ ಹೇಳುವುದಿಲ್ಲ. ಇಬ್ಬರೂ ಸುಮ್ಮನಿದ್ದು ಏಳುತ್ತೇವೆ.

ಬರುವಾಗ ಏನನ್ನೂ ತರಬೇಡ.

ಅಕ್ಕ

*

ಅಕ್ಟೋಬರ್ 7

ಅಕ್ಕಾ,

ಇದು ಹೊಸ ಮನೆಯಿಂದ ಬರೆಯುತ್ತಿರುವ ಮೊದಲ ಕಾಗದ. ನೀನು ಉತ್ತರ ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ. ಅವಳು ಹೇಗಿದ್ದಾಳೆ ಅಂತ ನಿನಗೆ ತಿಳಿಯಬೇಕಲ್ಲ.

ಚುಕ್ಕಿಯನ್ನು ಕರೆದುಕೊಂಡು ಬಂದ ದಿನ ನೀನು ಬಸ್ ಸ್ಟಾಪಿನವರೆಗೂ ಬರಲಿಲ್ಲ. ಅತ್ತೆ ಬಂದರು. ಬಸ್ಸು ಹೊರಡುವಾಗ ಕಿಟಕಿಯಿಂದ ಒಂದು ಪೊಟ್ಟಣ ಕೊಟ್ಟರು. ಮನೆಗೆ ಬಂದು ಬಿಚ್ಚಿದರೆ ಅಂಗಿ. ಕುತ್ತಿಗೆಯ ಗುಂಡಿ ಸರಿಸಿ ಹೊಲಿದದ್ದಲ್ಲ, ಮುಂದೆ ಅವನು ದೊಡ್ಡವನಾದ ಮೇಲೆ ಹಾಕಲು ಅಂತ ನೀನು ಹೊಲಿದಿಟ್ಟದ್ದು. ಅವರು ನಿನ್ನನ್ನು ಕೇಳಿ ಕೊಟ್ಟರೋ ಕೇಳದೆ ಕೊಟ್ಟರೋ ಗೊತ್ತಿಲ್ಲ. ನಾನು ಅವಳಿಗೆ ಹಾಕಿಲ್ಲ. ವಾಪಸು ಕಳಿಸಲೂ ಧೈರ್ಯವಿಲ್ಲ.

ನಾವು ಕೆಲಸಕ್ಕೆ ಹೋದಾಗ ಕೆಳಗಿನ ಮನೆಯ ಅಜ್ಜಿ ನೋಡಿಕೊಳ್ಳುತ್ತಾರೆ. ಚುಕ್ಕಿ ನೀನು ಹೇಳಿದ ಹಾಗೆಯೇ ತಿನ್ನುತ್ತಾಳೆ. ನನ್ನನ್ನು ಕಂಡರೆ ಈಗ ಅಳುವುದಿಲ್ಲ. ಬಾ ಅಂದರೆ ಬರುತ್ತಾಳೆ, ಇಳಿಸಿದರೆ ಹೋಗುತ್ತಾಳೆ. ಪಕ್ಕದ ಮನೆಯ ಮಗು ಬಂದು ಹೋದ ಹಾಗಿದೆ. ಇವರು ಆವತ್ತು ತೋರಿಸಿದ ಮೂಲೆಯಲ್ಲೇ ಚಾಪೆ ಹಾಸಿದ್ದೇವೆ.

ನಿನ್ನೆ ರಜೆ. ಮಧ್ಯಾಹ್ನ ಊಟ ಮಾಡಿಸಿ ಮಲಗಿಸಿದೆ. ಸ್ವಲ್ಪ ಹೊತ್ತು ಹೊರಳಾಡಿ ಎಡಗೈ ಚಾಚಿ ಹುಡುಕಲು ಶುರು ಮಾಡಿದಳು. ಕಣ್ಣು ಮುಚ್ಚಿತ್ತು, ಕೈ ಮಾತ್ರ ಚಾಪೆಯ ಮೇಲೆ ಓಡಾಡುತ್ತಿತ್ತು. ನಾನು ಪಕ್ಕದಲ್ಲಿ ಮಲಗಿ ತಲೆ ಬಗ್ಗಿಸಿ ನನ್ನ ಕಿವಿ ಅವಳ ಕೈಗೆ ಕೊಟ್ಟೆ. ಮುಟ್ಟಿದಳು. ಬೆರಳಲ್ಲಿ ಸುತ್ತ ಸವರಿ ನೋಡಿದಳು. ಆಮೇಲೆ ಬಿಟ್ಟುಬಿಟ್ಟಳು.

ಹೊರಳಿ ಆ ಕಡೆ ಹೋದಳು. ಆ ಕಡೆ ಗೋಡೆ. ಅದರ ಮೇಲೆ ಕೈ ಇಟ್ಟಳು. ಗೋಡೆ ತಣ್ಣಗಿತ್ತು. ಕೈ ಅಲ್ಲೇ ಇಟ್ಟುಕೊಂಡು ನಿದ್ದೆ ಹೋದಳು.

ನಿನ್ನ ಪುಟ್ಟಿ